ಕಟ್ಟು ಬಿಚ್ಚುವ ಕೈಗಳು

(ಶತಮಾನೋತ್ಸವದ ಕುಟುಂಬ ದಿನದಂದು ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ದೇವಾಲಯದ ಸಂಭ್ರಮದಲ್ಲಿ ಮದ್ಯವ್ಯಸನದ ಮಾತೆತ್ತುವುದು ಕೆಲವರಿಗೆ ಅಪ್ರಸ್ತುತವೆನಿಸೀತು. ಆದರೆ ಈ ಪೀಠದ ಮುಂದೆ ಮೊಣಕಾಲೂರಿ ಸುರಿಸಿದ ಕಣ್ಣೀರಿನಲ್ಲಿ ಎಷ್ಟು ಪಾಲು ಕುಡಿತದಿಂದ ಮುರಿದ ಮನೆಗಳದ್ದೆಂಬುದನ್ನು ಇಲ್ಲಿ ನೆರೆದ ತಾಯಂದಿರು ಬಲ್ಲರು. ಆ ಮನೆಗಳನ್ನು ಮರೆತರೆ ನಮ್ಮ ಉತ್ಸವ ಅಪೂರ್ಣ.

ಬೆತಾನಿಯದ ಲಾಜರನನ್ನು ಸಮಾಧಿಯಿಂದ ಎಬ್ಬಿಸಿದವರು ಯೇಸುಸ್ವಾಮಿ. ಆದರೆ ಅವನ ಕೈಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚುವ ಕೆಲಸವನ್ನು ಅವರು ಸುತ್ತ ನಿಂತವರಿಗೆ ವಹಿಸಿದರು. ವ್ಯಸನಮುಕ್ತಿಯ ವಿಷಯದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಈ ಘಟನೆಯಲ್ಲಿಯೇ ಅಡಗಿದೆ.

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1856ರಲ್ಲಿ ಜನಿಸಿದ ಮ್ಯಾಟ್ ಟಾಲ್ಬಟ್ ಅವರು ಬಡ ಕೂಲಿಕಾರರು. ಎಳೆಯ ವಯಸ್ಸಿನಲ್ಲಿ ಮದ್ಯದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿ, ಅಲ್ಲಿಯೇ ಕುಡಿತ ಕಲಿತರು. 1884ರಲ್ಲಿ ಒಂದು ದಿನ ಕೈಯಲ್ಲಿ ಕಾಸಿಲ್ಲದೆ ಮದ್ಯದಂಗಡಿಯ ಹೊರಗೆ ನಿಂತಿದ್ದಾಗ, ತಾವು ಎಷ್ಟೋ ಸಲ ಕುಡಿಸಿದ್ದ ಗೆಳೆಯರು ಅವರನ್ನು ಒಳಗೆ ಕರೆಯದೆ ಹೋದರು. ಅಂದೇ ಅವರು ಮದ್ಯ ತ್ಯಜಿಸುವ ಪ್ರತಿಜ್ಞೆ ಮಾಡಿದರು. ಅದು ಆಜೀವ ಪ್ರತಿಜ್ಞೆಯಲ್ಲ. ಕೇವಲ ಮೂರು ತಿಂಗಳದ್ದು. ಅದನ್ನೇ ನವೀಕರಿಸುತ್ತ ಹೋಗಿ, ಕೊನೆಗೆ ಜೀವಮಾನವಿಡೀ ಪಾಲಿಸಿದರು. ಹಳೆಯ ಸಾಲಗಳನ್ನು ತೀರಿಸಿದರು. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ತೀರಿಕೊಂಡರು. 1975ರಲ್ಲಿ ಜಗದ್ಗುರು ಆರನೆಯ ಪೌಲರು ಅವರನ್ನು ‘ಪೂಜ್ಯ’ರೆಂದು ಘೋಷಿಸಿದರು.

ಆದರೆ ಎಲ್ಲರಿಗೂ ಪ್ರತಿಜ್ಞೆಯೊಂದೇ ಸಾಲದು. ವ್ಯಸನವು ಕೇವಲ ಮನಸ್ಸಿನ ದೌರ್ಬಲ್ಯವಲ್ಲ, ಅದೊಂದು ರೋಗ. ಬಹುಕಾಲ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾಹೀನತೆ ಕಾಣುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಲ್ಲಿ ಸನ್ನಿ ಹಿಡಿದು ಪ್ರಾಣಕ್ಕೇ ಸಂಚಕಾರ ಒದಗಬಹುದು. ಆದುದರಿಂದ ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ವೈದ್ಯರ ಉಸ್ತುವಾರಿಯಲ್ಲಿ ತಕ್ಕ ಔಷಧಿಯನ್ನೂ ಥಯಾಮಿನ್ ಎಂಬ ಜೀವಸತ್ವವನ್ನೂ ಕೊಟ್ಟು ಆ ದಿನಗಳನ್ನು ದಾಟಿಸಬೇಕು. ಆಮೇಲೆ ಕುಡಿಯುವ ತವಕವನ್ನು ತಗ್ಗಿಸಲು ನಾಲ್ಟ್ರೆಕ್ಸೋನ್‌ನಂಥ ಔಷಧಿಗಳುಂಟು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಗಂಡನಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಗೃಹಿಣಿಯರಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ; ಆದರೂ ದಯವಿಟ್ಟು ಹಾಗೆ ಮಾಡಬೇಡಿರಿ. ಆ ಮಾತ್ರೆಯ ಮೇಲೆ ಮದ್ಯ ಬಿದ್ದರೆ ಜೀವಾಪಾಯವಾಗಬಹುದು. ರೋಗಿಯ ಒಪ್ಪಿಗೆಯಿಂದ, ವೈದ್ಯರ ಸಲಹೆಯಂತೆ ಮಾತ್ರ ಅದನ್ನು ಕೊಡತಕ್ಕದ್ದು.

ಔಷಧಿ ದೇಹವನ್ನು ಸರಿಪಡಿಸೀತು. ಬದುಕನ್ನು ಮತ್ತೆ ಕಟ್ಟಲು ಜೊತೆಗಾರರು ಬೇಕು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬವರೂ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರೂ ಭೇಟಿಯಾದರು. ಇಬ್ಬರೂ ಕುಡಿತಕ್ಕೆ ಸಿಲುಕಿ ಸೋತವರೇ. ಒಬ್ಬರಿಗೊಬ್ಬರು ಆಸರೆಯಾಗಿ ನಿಂತದ್ದರಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬಳಗ ಹುಟ್ಟಿತು. ಕುಡುಕರನ್ನು ದಾಖಲು ಮಾಡಿಕೊಳ್ಳಲು ಆಸ್ಪತ್ರೆಗಳು ಹಿಂಜರಿಯುತ್ತಿದ್ದ 1939ರಲ್ಲಿ, ಅದೇ ನಗರದ ಸಂತ ತೋಮಸರ ಆಸ್ಪತ್ರೆಯಲ್ಲಿ ಸೇವೆಯಲ್ಲಿದ್ದ ಧರ್ಮಭಗಿನಿ ಇಗ್ನೇಷಿಯಾ ಅವರಿಗೆ ಹಾಸಿಗೆ ಒದಗಿಸಿದರು. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ‘ಅಲ್-ಅನಾನ್’ ಬಳಗವೂ ಆರಂಭವಾಯಿತು. ಏಕೆಂದರೆ ಅವರಿಗೂ ಗಾಯವಾಗಿರುತ್ತದೆ.

ನಮ್ಮ ನಾಡಿನಲ್ಲೂ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ನಮ್ಮ ಪಾಲಿನ ಕೆಲಸ. ಆರು ತಿಂಗಳು ಮದ್ಯ ಮುಟ್ಟದೆ ಇದ್ದವನನ್ನು ಮದುವೆಯ ಚಪ್ಪರದಲ್ಲಿ ‘ಒಂದೇ ಗುಟುಕು, ಏನಾಗುತ್ತದೆ?’ ಎಂದು ಒತ್ತಾಯಿಸುವವರು ಯಾರು? ಹೊರಗಿನವರಲ್ಲ, ನಾವೇ. ಅವನು ಮತ್ತೆ ಜಾರಿದರೆ ‘ನನಗೆ ಮೊದಲೇ ಗೊತ್ತಿತ್ತು’ ಎಂದು ನಗುವವರೂ ನಾವೇ. ಮಧುಮೇಹ ಮರಳಿ ಏರಿದವನನ್ನು ನಾವು ಹಂಗಿಸುವುದಿಲ್ಲ, ವೈದ್ಯರಲ್ಲಿಗೆ ಕರೆದೊಯ್ಯುತ್ತೇವೆ. ಜಾರಿದವನಿಗೂ ಬೇಕಾದದ್ದು ಅದೇ.

ಆದುದರಿಂದ ಎರಡನೆಯ ಶತಮಾನದ ಹೊಸ್ತಿಲಲ್ಲಿ ಮೂರು ಬಿನ್ನಹಗಳು. ಧರ್ಮಕೇಂದ್ರದ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಇಂಥವರ ಕೂಟಕ್ಕೆ ಬಿಟ್ಟುಕೊಡೋಣ. ಬಂದವರ ಹೆಸರನ್ನು ಯಾರೂ ಕೇಳದಿರಲಿ. ನಮ್ಮ ಮದುವೆ, ಹಬ್ಬದ ಊಟಗಳಲ್ಲಿ ಪಾನಕದ ಲೋಟ ಹಿಡಿದವನನ್ನು ಕಾರಣ ಕೇಳದಿರೋಣ. ಕುಡಿತದ ಮನೆಯ ತಾಯಿ ಮಕ್ಕಳಿಗೆ ನಮ್ಮ ಬಾಗಿಲು ತೆರೆದಿರಲಿ; ಅಲ್ಲಿ ಹೊಡೆತ ಬಡಿತವಿದ್ದರೆ ‘ಸಹಿಸಿಕೊಳ್ಳಮ್ಮ’ ಎಂದು ಮರಳಿ ಕಳುಹಿಸದಿರೋಣ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲಿನ ಮೇಲೆ ಕಲ್ಲಿಟ್ಟು ಈ ಆಲಯವನ್ನು ಕಟ್ಟಿದರು. ಕಟ್ಟುವ ಕೆಲಸ ಅವರದಾಯಿತು. ಕಟ್ಟು ಬಿಚ್ಚುವ ಕೆಲಸ ನಮ್ಮದಾಗಲಿ. ಸಮಾಧಿಯಿಂದ ಕರೆಯುವವರು ಸ್ವಾಮಿ. ಎದ್ದು ಬಂದವನ ಬಳಿಗೆ ಹೋಗಲು ನಮ್ಮ ಕಾಲು ಹಿಂಜರಿಯದಿರಲಿ.