ನೆರೆನಾಡಿಗೆ ನಮ್ಮ ಗಾಡಿ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಅವರು ಹಾಗೆ ಹೇಳಿದ ಕಾಲದಲ್ಲಿ ದೇಶ ಸುತ್ತುವವನಿಗೆ ಬೇಕಾಗಿದ್ದುದು ಗಟ್ಟಿಯಾದ ಕಾಲು, ಹೆಗಲಿಗೊಂದು ಬುತ್ತಿಯ ಗಂಟು, ದಾರಿಯಲ್ಲಿ ಒಂದೆರಡು ಛತ್ರ, ಇಷ್ಟೇ. ಇಂದು ಅಂಗಳದಲ್ಲಿ ಕಾರು ನಿಂತಿದೆ. ಅದನ್ನೇರಿ ನೇಪಾಳಕ್ಕೆ, ಭೂತಾನಕ್ಕೆ, ಸಾಧ್ಯವಾದರೆ ಬರ್ಮಾವನ್ನು ದಾಟಿ ಸಿಂಗಪುರದವರೆಗೂ ಹೋಗಿಬರಬೇಕೆಂಬ ಆಸೆ ನಮ್ಮ ಕರಾವಳಿಯ ತರುಣರಲ್ಲಿ ಚಿಗುರಿದೆ. ಆಸೆ ಒಳ್ಳೆಯದೇ. ಅದಕ್ಕೆ ತಕ್ಕ ಸಿದ್ಧತೆ ಯಾವುದು ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನಿರುವುದು ಮಂಗಳೂರಿನ ಬಡಗಲಿಗಿರುವ ಕೂಳೂರಿನಲ್ಲಿ. ಇಲ್ಲಿ ಫಲ್ಗುಣಿ ಹೊಳೆಯನ್ನು ದಾಟುವ 66ನೆಯ ರಾಷ್ಟ್ರೀಯ ಹೆದ್ದಾರಿ ತೆಂಕಲಿಗೆ ಕನ್ಯಾಕುಮಾರಿಯನ್ನೂ ಬಡಗಲಿಗೆ ಪನ್ವೇಲನ್ನೂ ಮುಟ್ಟುತ್ತದೆ. ಸೇತುವೆಯ ಬಳಿ ಅರ್ಧ ಗಂಟೆ ನಿಂತರೆ ಸಾಕು, ಪಣಂಬೂರು ಬಂದರಿಗೆ ಹೋಗಿಬರುವ ಲಾರಿಗಳ ನಂಬರು ಹಲಗೆಗಳಲ್ಲೇ ಹಲವು ರಾಜ್ಯಗಳ ದರ್ಶನವಾಗುತ್ತದೆ. ಸ್ವಂತ ಕಾರಿನವನಿಗಂತೂ ಈ ದಾರಿ ಇನ್ನೂ ಸುಗಮ. ಟೋಲು ಕೊಟ್ಟರಾಯಿತು, ರಾಜ್ಯ ದಾಟಿದ್ದು ಅಂಗಡಿಯ ಬೋರ್ಡಿನ ಲಿಪಿ ಬದಲಾದಾಗಷ್ಟೇ ತಿಳಿಯುತ್ತದೆ. ಈ ಸುಖಕ್ಕೆ ಒಗ್ಗಿಹೋದ ನಾವು ದೇಶದ ಗಡಿಯನ್ನೂ ಇನ್ನೊಂದು ಟೋಲ್ ಗೇಟೆಂದೇ ಭಾವಿಸುತ್ತೇವೆ. ತೊಡಕು ಶುರುವಾಗುವುದು ಇಲ್ಲಿಯೇ.

ನನ್ನಲ್ಲಿ ಓದಿದ ಇಬ್ಬರು ಹುಡುಗರು ಈಚೆಗೆ ನಕಾಶೆಯೊಂದನ್ನು ಹಿಡಿದುಕೊಂಡು ಮನೆಗೆ ಬಂದಿದ್ದರು. "ಮಾಷ್ಟ್ರೇ, ಟಯರು ಹೊಸತು ಹಾಕಿಸಿದ್ದೇವೆ, ಮೊಬೈಲಿನಲ್ಲಿ ದಾರಿ ಉಂಟು. ಇನ್ನೇನು ಬೇಕು?" ಎಂದರು. "ಕಾರು ಯಾರ ಹೆಸರಿನಲ್ಲಿ ಉಂಟು ಮಾರಾಯ?" ಎಂದು ಕೇಳಿದೆ. "ಅಣ್ಣನ ಹೆಸರಿನಲ್ಲಿ. ಅವನು ದುಬೈಯಲ್ಲಿದ್ದಾನೆ. ಬ್ಯಾಂಕಿನ ಸಾಲ ಇನ್ನು ಸ್ವಲ್ಪ ಬಾಕಿ." ಹುಡುಗರು ಎಲ್ಲವನ್ನೂ ಯೋಚಿಸಿದ್ದರು, ಕಾರಿನ ಯಜಮಾನ ದುಬೈಯಲ್ಲಿರುವುದನ್ನು ಮಾತ್ರ ಮರೆತಿದ್ದರು.

ಗಡಿಯಲ್ಲಿ ಮನುಷ್ಯನೂ ಅವನ ಗಾಡಿಯೂ ಬೇರೆ ಬೇರೆ ಪ್ರಯಾಣಿಕರು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದ ಸಿದ್ಧತೆಯೆಲ್ಲ ತಾನಾಗಿ ಹೊಳೆಯುತ್ತದೆ. ಮನುಷ್ಯನನ್ನು ನೆರೆದೇಶ ಅತಿಥಿಯೆಂದು ಬರಮಾಡಿಕೊಳ್ಳಬಹುದು. ಗಾಡಿ ಮಾತ್ರ ಅದರ ಕಣ್ಣಿಗೆ ಸುಂಕ ತೆರದೆ ಒಳಬಂದ ಸರಕು. ಅದನ್ನು ಅಲ್ಲಿಯೇ ಮಾರಿಬಿಟ್ಟರೆ? ಆದುದರಿಂದ ಮರಳಿ ಒಯ್ಯುತ್ತೇನೆಂಬ ಭರವಸೆಯನ್ನು ಬರವಣಿಗೆಯಲ್ಲಿ ಕೊಡಬೇಕು. ಸಂಸ್ಕೃತದ ಶುಲ್ಕವೇ ಕನ್ನಡದಲ್ಲಿ ಸುಂಕವಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯೂ ಜೊತೆಗೆ ಹುಟ್ಟಿತು. ಗಡಿಯ ಕಟ್ಟೆಯಲ್ಲಿ ಕೆಲಸ ಮಾಡುವುದು ಕಾಗದ ಒಂದೇ.

ಆ ಕಾಗದಗಳಲ್ಲಿ ಮುಖ್ಯವಾದುದಕ್ಕೆ ಕಾರ್ನೆ ಎಂದು ಹೆಸರು. ಇದನ್ನು ವಾಹನದ ಪಾಸ್‌ಪೋರ್ಟ್ ಎನ್ನಬಹುದು. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ನಿನಂಥ ಸಂಸ್ಥೆಗಳು ಠೇವಣಿ ಇಲ್ಲವೆ ಬ್ಯಾಂಕಿನ ಜಾಮೀನು ಪಡೆದು ಇದನ್ನು ಕೊಡುತ್ತವೆ. ಒಳಹೋಗುವಾಗ ಒಂದು ಮುದ್ರೆ, ಹೊರಬರುವಾಗ ಇನ್ನೊಂದು. ಹೊರಬಂದ ಮುದ್ರೆ ಬೀಳದಿದ್ದರೆ ಆ ದೇಶದ ಸುಂಕವನ್ನು ಜಾಮೀನಿನಿಂದ ವಸೂಲು ಮಾಡುತ್ತಾರೆ. ಎಂದರೆ ಪರದೇಶದಲ್ಲಿ ಎಂಜಿನ್ ಕೆಟ್ಟುಹೋದರೂ ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿ ಬರುವಂತಿಲ್ಲ. ಬಾಂಗ್ಲಾದೇಶ, ಸಿಂಗಪುರ ಮೊದಲಾದೆಡೆ ಇದು ಬೇಕು. ನೇಪಾಳ, ಭೂತಾನಗಳಿಗೆ ಭಾರತದ ವಾಹನಕ್ಕೆ ಇದರ ಅಗತ್ಯವಿಲ್ಲ. ಮೊದಲ ಪಯಣಕ್ಕೆ ಈ ಎರಡು ನಾಡುಗಳೇ ಲೇಸು ಎನ್ನುವುದಕ್ಕೆ ಇದೂ ಒಂದು ಕಾರಣ.

ಆ ದಾರಿಯನ್ನೇ ನೋಡೋಣ. ಇಲ್ಲಿಂದ ಹುಬ್ಬಳ್ಳಿ, ಸೊಲ್ಲಾಪುರ, ನಾಗಪುರ, ಜಬಲ್‌ಪುರ, ವಾರಾಣಸಿ, ಗೋರಖಪುರಗಳನ್ನು ಹಾದು ಸುನೌಲಿಯಲ್ಲಿ ನೇಪಾಳದ ಗಡಿ ಮುಟ್ಟುವಷ್ಟರಲ್ಲಿ 2,000 ಕಿಲೋಮೀಟರು ಮೀರಿರುತ್ತದೆ. ದಿನಕ್ಕೆ 350ರಂತೆ ಹಿಡಿದರೂ ವಾರದ ದಾರಿ. ಗಡಿಯಲ್ಲಿ ಭನ್ಸಾರ್ ಎಂಬ ಸುಂಕದ ಕಚೇರಿ ಉಂಟು. ಎಷ್ಟು ದಿನ ಇರುತ್ತೀರೆಂದು ಹೇಳಿ ದಿನಲೆಕ್ಕದ ಹಣ ಕಟ್ಟಬೇಕು. ದಾರಿಯಲ್ಲಿ ಭೂಕುಸಿತವಾಗಿ ದಿನ ಮೀರಿದರೆ ದಂಡ. ಆದುದರಿಂದ ಒಂದೆರಡು ದಿನ ಹೆಚ್ಚಾಗಿಯೇ ಕಟ್ಟುವುದು ಜಾಣತನ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಸಾಕು. ಕಠ್ಮಂಡುವನ್ನು ನೋಡಿ, ನೇಪಾಳದ ಉದ್ದಕ್ಕೂ ಸಾಗುವ ಮಹೇಂದ್ರ ರಾಜಮಾರ್ಗದಲ್ಲಿ ಮೂಡಲಿಗೆ ನಡೆದರೆ ಕಾಕಡ್‌ಭಿಟ್ಟಾ. ಅಲ್ಲಿ ಭಾರತಕ್ಕೆ ಬಂದು, ಸಿಲಿಗುಡಿಯಿಂದ ಜೈಗಾಂವ್‌ಗೆ ಹೋದರೆ ಎದುರಿಗೇ ಭೂತಾನದ ಫುಂಟ್‌ಶೋಲಿಂಗ್.

ಭೂತಾನದಲ್ಲಿ ಆಳಿಗೊಂದು ಅನುಮತಿ, ಗಾಡಿಗೊಂದು ಅನುಮತಿ. 2022ರ ಸೆಪ್ಟೆಂಬರಿನಿಂದ ಭಾರತದ ಪ್ರವಾಸಿ ರಾತ್ರಿಯೊಂದಕ್ಕೆ 1,200 ರೂಪಾಯಿಯ ಶುಲ್ಕ ಕೊಡಬೇಕಾಗಿದೆ. ನಾಲ್ವರು ದೊಡ್ಡವರು ಐದು ರಾತ್ರಿ ತಂಗಿದರೆ 24,000 ರೂಪಾಯಿ. ಊಟ, ವಸತಿ, ಪೆಟ್ರೋಲು ಬೇರೆ. ಅದನ್ನು ಮನೆಯಲ್ಲಿಯೇ ಲೆಕ್ಕ ಹಾಕಿದವನಿಗೆ ಥಿಂಪು ಸುಂದರವಾಗಿ ಕಾಣುತ್ತದೆ. ಇನ್ನೊಂದು ಮಾತು. ನಾವು ಸಮುದ್ರದ ಮಟ್ಟದಲ್ಲಿ ಬಾಳುವ ಜನ. ಥಿಂಪು ಇರುವುದು ಸುಮಾರು 2,300 ಮೀಟರ್ ಎತ್ತರದಲ್ಲಿ, ಅದರಾಚೆಯ ದೋಚುಲಾ ಕಣಿವೆದಾರಿ 3,100 ಮೀಟರ್ ಎತ್ತರದಲ್ಲಿ. ವಯಸ್ಸಾದ ತಂದೆ ತಾಯಿಯರನ್ನು ಕರೆದೊಯ್ಯುವವರು ವೈದ್ಯರನ್ನು ಕಂಡೇ ಹೊರಡಬೇಕು. ದಾರಿ ಏರುತ್ತ ಹೋದಂತೆ ನಡುನಡುವೆ ಒಂದು ದಿನ ನಿಲ್ಲಬೇಕು.

ಈಗ ಕಾಗದದ ಚೀಲವನ್ನು ಕಟ್ಟೋಣ. ಕಾರು ಬೇರೆಯವರ ಹೆಸರಿನಲ್ಲಿದ್ದರೆ ಅವರ ಅಧಿಕಾರಪತ್ರ ಬೇಕು, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಆರ್.ಟಿ.ಓ. ಕಚೇರಿಯೇ ಒಂದು ವರ್ಷದ ಅವಧಿಗೆ ಕೊಡುತ್ತದೆ. ನಮ್ಮ ಮೋಟಾರು ವಿಮೆ ಸಾಮಾನ್ಯವಾಗಿ ಭಾರತದೊಳಗಷ್ಟೇ ಸಲ್ಲುತ್ತದೆ. ನೇಪಾಳ, ಭೂತಾನ, ಬಾಂಗ್ಲಾದೇಶಗಳಿಗೆ ಅದನ್ನು ವಿಸ್ತರಿಸಲು ಹೆಚ್ಚಿನ ಕಂತು ಕಟ್ಟಿ ಪಾಲಿಸಿಯಲ್ಲಿ ಬರೆಸಬೇಕು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ಪರದೇಶದಲ್ಲಿ ಒಬ್ಬ ಪಾದಚಾರಿಗೆ ಗಾಡಿ ತಗಲಿದರೆ ಇಡೀ ಕುಟುಂಬದ ಉಳಿತಾಯ ಅಲ್ಲಿಯೇ ಕರಗೀತು.

ಶಾಲೆಯವನಾಗಿ ನಾನು ಒತ್ತಿ ಹೇಳಬೇಕಾದುದು ಹೆಸರಿನ ವಿಷಯ. ನಮ್ಮಲ್ಲಿ ಒಬ್ಬನೇ ಮನುಷ್ಯನಿಗೆ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಲೈಸೆನ್ಸಿನಲ್ಲಿ ಇನಿಷಿಯಲ್ ಸಹಿತ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಸೇರಿದ ಮತ್ತೊಂದು ಹೆಸರು. ಇಂಗ್ಲಿಷ್ ಅಕ್ಷರದಲ್ಲಿ ಕೂಳೂರನ್ನೇ ಎರಡು ಮೂರು ಬಗೆಯಾಗಿ ಬರೆಯುತ್ತಾರೆ. ನಮಗೆ ಇದು ಸಹಜ. ಗಡಿಯ ಅಧಿಕಾರಿಗೆ ಇವರು ಮೂವರು ಬೇರೆ ಬೇರೆ ಜನ. ತಿದ್ದುಪಡಿಗೆ ತಿಂಗಳುಗಳೇ ಹಿಡಿದಾವು. ಆದುದರಿಂದ ಯೋಜನೆಯ ಮೊದಲನೆಯ ದಿನ ಮಾಡಬೇಕಾದ ಕೆಲಸವೆಂದರೆ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಹರಡಿ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಓದುವುದು.

ಸಿಂಗಪುರದ ಮಾತೇನು ಎಂದು ಹುಡುಗರು ಕೇಳಿಯಾರು. 1955ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಆರು ಮಂದಿ ವಿದ್ಯಾರ್ಥಿಗಳು ಎರಡು ಲ್ಯಾಂಡ್ ರೋವರ್‌ಗಳಲ್ಲಿ ಲಂಡನ್ನಿನಿಂದ ಹೊರಟು, ಭಾರತ, ಬರ್ಮಾಗಳನ್ನು ಹಾದು 1956ರ ಮಾರ್ಚಿನಲ್ಲಿ ಸಿಂಗಪುರ ಮುಟ್ಟಿದ್ದರು. ದಾರಿ ಒಮ್ಮೆ ತೆರೆದರೆ ಸದಾ ತೆರೆದಿರುತ್ತದೆಂದು ತಿಳಿಯಬಾರದು. 1979ರ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಸೋವಿಯತ್ ಸೇನೆ, ಇವೆರಡರಿಂದ ಪಡುವಣ ದಾರಿ ಮುಚ್ಚಿತು. ಮೂಡಣದಲ್ಲಿ ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ಮೂಲಕ ಥೈಲೆಂಡಿನ ಮೇ ಸೋಟ್‌ವರೆಗೆ ಸುಮಾರು 1,360 ಕಿಲೋಮೀಟರಿನ ಹೆದ್ದಾರಿಯ ಯೋಜನೆ ಉಂಟು. 2021ರ ಸೈನಿಕ ಕ್ಷಿಪ್ರಕ್ರಾಂತಿಯ ಬಳಿಕ ಮ್ಯಾನ್ಮಾರ್‌ನಲ್ಲಿ ಅಂತರ್ಯುದ್ಧ, 2023ರ ಮೇ ತಿಂಗಳಿನಿಂದ ಮಣಿಪುರದಲ್ಲೂ ಅಶಾಂತಿ. 2015ರ ಜೂನ್ 15ರಂದು ಥಿಂಪುವಿನಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳಗಳು ವಾಹನ ಸಂಚಾರದ ಒಪ್ಪಂದಕ್ಕೆ ಸಹಿ ಹಾಕಿದವು. ಸಣ್ಣ ನಾಡಿನ ದಾರಿಗೂ ಗಾಳಿಗೂ ಇಷ್ಟು ಗಾಡಿಗಳ ಹೊರೆ ಹೆಚ್ಚಾದೀತೆಂದು ಭೂತಾನದ ಮೇಲ್ಮನೆ 2016ರಲ್ಲಿ ಅದನ್ನು ಒಪ್ಪಲಿಲ್ಲ. ಅದು ಆ ನಾಡಿನ ಹಕ್ಕು. ಅತಿಥಿಯಾದವನು ಮನೆಯವರ ಅನುಕೂಲ ನೋಡಿಯೇ ಹೋಗಬೇಕಷ್ಟೆ.

ಆದುದರಿಂದ ಯೋಜನೆಯನ್ನು ಎರಡು ಸುತ್ತಿನಲ್ಲಿ ಮಾಡುವುದು ಒಳ್ಳೆಯದು. ಮೊದಲನೆಯದು ನೇಪಾಳ, ಭೂತಾನಗಳ ಸುತ್ತು. ಎರಡನೆಯದು ಗಡಿ ತೆರೆದ ಕಾಲಕ್ಕೆ ಕಾಯುವ ಸುತ್ತು. ಹೊರಡುವ ದಿನವನ್ನು ಗುರುತಿಸುವ ಮೊದಲೇ ಹಿಂದಿರುಗುವ ಸ್ಥಳವನ್ನು ಗುರುತಿಸಬೇಕು. ಇಂಥ ಊರಿನಲ್ಲಿ ಅನುಮತಿ ಸಿಗದಿದ್ದರೆ, ಮನೆಯವರಲ್ಲೊಬ್ಬರು ಜ್ವರ ಬಿದ್ದರೆ, ಕೈಯ ಹಣ ಇಷ್ಟಕ್ಕಿಳಿದರೆ, ಅಲ್ಲಿಂದ ತಿರುಗಿ ಬರುವುದೆಂದು ಎಲ್ಲರೂ ಕೂಡಿ ಒಪ್ಪಿಕೊಳ್ಳಬೇಕು. ದಾರಿಯಲ್ಲಿ ಹಟ ಏರಿದ ಮೇಲೆ ಈ ತೀರ್ಮಾನ ಸಾಧ್ಯವಾಗದು. ಸಂಬಳವೆಂಬ ನಮ್ಮ ಮಾತು ಪಯಣದ ಬುತ್ತಿಯೆಂಬ ಅರ್ಥದ ಶಂಬಲದಿಂದ ಬಂದುದು. ಬುತ್ತಿಯಲ್ಲಿ ಮರಳಿ ಬರುವ ದಾರಿಗೂ ಒಂದು ಪಾಲು ಇರಲೇಬೇಕು.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದು, ಭೂತಾನದ್ದು ಅರ್ಧ ಗಂಟೆ. ಗಡಿ ದಾಟಿದವನು ಮೊದಲು ಮಾಡಬೇಕಾದುದು ತನ್ನ ಕೈಗಡಿಯಾರವನ್ನು ಆ ನಾಡಿಗೆ ತಕ್ಕಂತೆ ತಿರುಗಿಸಿಕೊಳ್ಳುವುದು. ಆ ವಿನಯವನ್ನು ಚಾಲನೆಯಲ್ಲಿಯೂ ಮಾತಿನಲ್ಲಿಯೂ ಇಟ್ಟುಕೊಂಡರೆ ಕರ್ನಾಟಕದ ನಂಬರು ಹಲಗೆಗೆ ಹೋದಲ್ಲೆಲ್ಲ ಮರ್ಯಾದೆ ದೊರೆತೀತು.