ಪ್ಲೇಯರ್‌ಗೆ ಕನ್ನಡ ಬರ್ತದಾ?

(ಗಡಿನಾಡ ಯುವಜನರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ತಾಳವಾಡಿ, ಹೊಸೂರು, ಆದೋನಿ, ಅಕ್ಕಲಕೋಟೆ, ಜತ್ತ ಅಂತ ಅಷ್ಟು ದೂರದಿಂದ ಬಂದಿರುವ ತಮ್ಮಂದಿರೇ, ತಂಗಿಯರೇ, ನಾನು ಮಂಜೇಶ್ವರದ ಕಡೆಯವನು. ಮೊಬೈಲು, ಕಂಪ್ಯೂಟರಿನಲ್ಲಿ ಹಾಡು ಕೇಳುವ ಪ್ಲೇಯರ್ ತಂತ್ರಾಂಶಗಳ ಗುಣ ಏನು, ದೋಷ ಏನು ಅಂತ ಮಾತಾಡಲಿಕ್ಕೆ ಹೇಳಿದ್ದಾರೆ. ಇದರಲ್ಲಿ ಮಾತಾಡಲಿಕ್ಕೆ ಏನುಂಟು, ಒತ್ತಿದರೆ ಹಾಡ್ತದೆ ಅಂತ ನಿಮಗೆ ಅನಿಸಬಹುದು. ಸಿನಿಮಾ ಹಾಡು ಮಾತ್ರ ಕೇಳುವವರಿಗೆ ಅಷ್ಟೇ ಸಾಕು. ಮನೆಯಲ್ಲಿ ಹಳೇ ಕ್ಯಾಸೆಟ್ಟು ಇರುವವರಿಗೆ ಸಾಲದು.

ನಮ್ಮ ಮನೆಯ ಕತೆಯನ್ನೇ ಹೇಳ್ತೇನೆ. ಅಪ್ಪನಿಗೆ ತಾಳಮದ್ದಳೆಯ ಹುಚ್ಚು. ವೇಷ, ಕುಣಿತ ಇಲ್ಲದ ಯಕ್ಷಗಾನ ಅದು. ಭಾಗವತರ ಪದ, ಅರ್ಥಧಾರಿಗಳ ಮಾತು, ಅಷ್ಟೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥಕ್ಕೆ ಕೂತರೆ ರಾತ್ರಿ ಹೋದದ್ದೇ ಗೊತ್ತಾಗುತ್ತಿರಲಿಲ್ಲ ಅಂತ ಅಪ್ಪ ಹೇಳ್ತಿದ್ದರು. ಎಲ್ಲಿ ಕೂಟ ಇದ್ದರೂ ಟೇಪ್‌ರೆಕಾರ್ಡರ್ ಹಿಡಿದು ಹೋಗುವವರು. ಆ ಕ್ಯಾಸೆಟ್ಟುಗಳನ್ನೆಲ್ಲ ನಾನು ಕಂಪ್ಯೂಟರಿಗೆ ಹಾಕಿದೆ. ಯಾವ ಪ್ರಸಂಗ, ಯಾರ ಭಾಗವತಿಕೆ, ಯಾರ ಅರ್ಥ ಅಂತ ಅಪ್ಪ ಕೇಳಿ ಕೇಳಿ ಹೇಳಿದರು, ನಾನು ಒಂದೊಂದಕ್ಕೂ ಕನ್ನಡದಲ್ಲಿ ಬರೆದೆ. ಎರಡು ಮಳೆಗಾಲದ ಕೆಲಸ. ಕೆಲವು ವರ್ಷ ಕಳೆದು ಒಂದು ದಿನ ಎಲ್ಲಕ್ಕೂ ಅಪ್ಪನ ಫೋಟೋ ಸೇರಿಸುವ ಅಂತ, ಒಂದು ಹಳೇ ಪ್ಲೇಯರ್ ತೆರೆದು, ಎಲ್ಲವನ್ನೂ ಒಟ್ಟಿಗೆ ಆರಿಸಿ ಸೇವ್ ಒತ್ತಿದೆ. ಹೆಸರಿದ್ದ ಜಾಗದಲ್ಲೆಲ್ಲ ಸಾಲು ಸಾಲು ಪ್ರಶ್ನೆ ಚಿಹ್ನೆ. ಧ್ವನಿ ಉಂಟು, ಯಾರದ್ದು ಅಂತ ಇಲ್ಲ. ಹೇಳಬೇಕಾದ ಅಪ್ಪ ಅಷ್ಟೊತ್ತಿಗೆ ತೀರಿಕೊಂಡಿದ್ದರು.

ಆದದ್ದು ಇಷ್ಟು. ಎಂಪಿ3 ಫೈಲಿನ ಒಳಗೆ ಧ್ವನಿಯ ಜೊತೆ ಒಂದು ಚೀಟಿ ಇರ್ತದೆ, ಟ್ಯಾಗ್ ಅಂತ. 1996ರಲ್ಲಿ ಬಂದ ಮೊದಲ ಪದ್ಧತಿಯಲ್ಲಿ ಈ ಚೀಟಿಗೆ ಫೈಲಿನ ಕೊನೆಯಲ್ಲಿ ಇದ್ದದ್ದು ಒಟ್ಟು 128 ಬೈಟ್ ಜಾಗ. ಹಾಡಿನ ಹೆಸರಿಗೆ 30 ಬೈಟ್, ಹಾಡಿದವರ ಹೆಸರಿಗೆ 30. ಇಂಗ್ಲಿಷಿಗೆ ಅದು ಮೂವತ್ತು ಅಕ್ಷರ. ಕನ್ನಡವನ್ನು ಯುಟಿಎಫ್-8ರಲ್ಲಿ ಬರೆದರೆ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಗುಣಿತ, ಒತ್ತು, ಎಲ್ಲವೂ ಬೇರೆ ಬೇರೆ ಲೆಕ್ಕ. ‘ಕೃಷ್ಣಾರ್ಜುನ’ ಅಂತ ಬರೆಯುವಷ್ಟರಲ್ಲೇ 33 ಬೈಟ್ ಆಯಿತು. ಇನ್ನು ಕಾಳಗ ಮಾಡಲಿಕ್ಕೆ ಜಾಗ ಎಲ್ಲಿ ಮಾರಾಯ್ರೆ?

ಆಮೇಲೆ ಬಂದ ಎರಡನೇ ಪದ್ಧತಿಯಲ್ಲಿ ಜಾಗದ ಬಡತನ ಇಲ್ಲ, ಯುನಿಕೋಡ್ ಬರೆಯಬಹುದು. ಆದರೆ ಚೀಟಿಯಲ್ಲಿ ಕನ್ನಡ ಇದ್ದರೆ ಸಾಲದು, ಅದನ್ನು ಬಿಡಿಸಿ ಓದುವ ಪ್ಲೇಯರ್‌ಗೂ ಯುನಿಕೋಡ್ ಗೊತ್ತಿರಬೇಕು. ಗೊತ್ತಿಲ್ಲದ ತಂತ್ರಾಂಶ ತನಗೆ ಓದಲಿಕ್ಕೆ ಬಾರದ ಅಕ್ಷರಕ್ಕೆಲ್ಲ ಪ್ರಶ್ನೆ ಚಿಹ್ನೆ ಹಾಕಿಕೊಳ್ತದೆ. ತೋರಿಸುವಾಗ ಹಾಗೆ ಮಾಡಿದರೆ ನಷ್ಟ ಇಲ್ಲ. ಸೇವ್ ಒತ್ತಿದರೆ ಆ ಚಿಹ್ನೆಯೇ ಚೀಟಿಗೆ ಹೋಗ್ತದೆ, ಮೊದಲು ಇದ್ದ ಕನ್ನಡ ಅಳಿದು ಹೋಗ್ತದೆ. ಬೇರೆ ಪ್ರತಿ ಇಲ್ಲದಿದ್ದರೆ ಮುಗಿಯಿತು.

ಈ ವ್ಯತ್ಯಾಸ ಸರಿಯಾಗಿ ನೆನಪಿಟ್ಟುಕೊಳ್ಳಿ. ಹೆಸರಿನ ಜಾಗದಲ್ಲಿ ಖಾಲಿ ಚೌಕ ಕಂಡರೆ ಹೆದರಬೇಡಿ; ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ, ಹೆಸರು ಒಳಗೆ ಭದ್ರ ಉಂಟು. ತಲೆಗೆ ಗೀಟು ಇರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಕಂಡರೆ ಯುಟಿಎಫ್-8 ಕನ್ನಡವನ್ನು ಬೇರೇನೋ ಅಂತ ತಪ್ಪು ಓದಿದೆ ಅಂತ ಅರ್ಥ. ಸಾಮಾನ್ಯವಾಗಿ ಸರಿ ಮಾಡಬಹುದು. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಇನ್ನೊಂದು ಬಗೆಯ ಕಲಸುಮೇಲೋಗರ, ಅದನ್ನು ಯುನಿಕೋಡಿಗೆ ಬದಲಿಸಲಿಕ್ಕೆ ಪರಿವರ್ತಕ ಉಂಟು. ಬರೀ ಪ್ರಶ್ನೆ ಚಿಹ್ನೆ ಕಂಡರೆ ಮಾತ್ರ ಅಲ್ಲಿಗೇ ಕೈ ನಿಲ್ಲಿಸಿ. ಏನನ್ನೂ ಸೇವ್ ಮಾಡದೆ ಬೇರೆ ಪ್ಲೇಯರ್‌ನಲ್ಲಿ ತೆರೆದು ನೋಡಿ.

ಇನ್ನೊಂದು ದೋಷ, ಉದ್ದದ್ದು. ಪ್ಲೇಯರ್‌ಗಳೆಲ್ಲ ಐದು ನಿಮಿಷದ ಹಾಡನ್ನು ನೋಡಿ ಮಾಡಿದವು. ನಮ್ಮದು ನಾಲ್ಕು ಗಂಟೆಯ ಪ್ರಸಂಗ. ಜತ್ತದ ಕಡೆಯ ಡೊಳ್ಳಿನ ಪದ, ತಾಳವಾಡಿಯ ಮಾದಪ್ಪನ ಪದ ಕೂತು ಹಾಡಿದ್ದನ್ನು ರೆಕಾರ್ಡ್ ಮಾಡಿದರೂ ಅದೇ ಕತೆ ಅಲ್ಲವಾ? ಫೋನು ಬಂತು, ಪ್ಲೇಯರ್ ನಿಂತಿತು, ಮತ್ತೆ ತೆರೆದರೆ ಗಣಪತಿ ಸ್ತುತಿಯಿಂದ ಶುರು. ಇದರಲ್ಲಿ ಒಂದು ಸೂಕ್ಷ್ಮ ಉಂಟು. ಎಂಪಿ3ಯಲ್ಲಿ ಬಿಟ್‌ರೇಟ್ ಏರಿಳಿಯುವ ಬಗೆ ಒಂದು, ಸಮ ಇರುವ ಬಗೆ ಇನ್ನೊಂದು. ಏರಿಳಿಯುವ ಬಗೆಯಲ್ಲಿ ಎಲ್ಲಿಗೆ ಹಾರಬೇಕು ಅಂತ ತಿಳಿಯಲಿಕ್ಕೆ ಫೈಲಿನ ಆರಂಭದಲ್ಲಿ ಒಂದು ಪಟ್ಟಿ ಇಡ್ತಾರೆ. ಆ ಪಟ್ಟಿಯಲ್ಲಿ ಇರುವುದು 100 ಗುರುತು ಮಾತ್ರ. ಐದು ನಿಮಿಷದ ಹಾಡಿಗೆ ಮೂರು ಸೆಕೆಂಡಿಗೊಂದು ಗುರುತು. ನಾಲ್ಕು ಗಂಟೆಗೆ ಎರಡು ಕಾಲು ನಿಮಿಷ ದಾಟಿ ಒಂದು. ಬೇಕಾದ ಪದಕ್ಕೆ ಬೆರಳಿಟ್ಟರೆ ಇನ್ನೆಲ್ಲೋ ಹೋಗಿ ಬೀಳುವುದು ಅದಕ್ಕೇ. ಹಾಗಾಗಿ ಮಾತಿನ ರೆಕಾರ್ಡಿಂಗನ್ನು ಸಮ ಬಿಟ್‌ರೇಟಿನಲ್ಲಿ, ಮೋನೋದಲ್ಲಿ ಇಡಿ. 64 ಕೆಬಿಪಿಎಸ್ ಆದರೆ ಗಂಟೆಗೆ 29 ಎಂಬಿ ಹತ್ತಿರ, ಇಡೀ ಪ್ರಸಂಗಕ್ಕೆ 115. ಇದು ಕೇಳುವ ಪ್ರತಿ. ಮೂಲವನ್ನು ಮಾತ್ರ ಫ್ಲಾಕ್‌ನಲ್ಲಿ ಇಡಿ, ಅದರಲ್ಲಿ ಧ್ವನಿಯ ಒಂದು ಚೂರೂ ಹೋಗುವುದಿಲ್ಲ.

ಹಾಗಾದರೆ ಯಾವ ಪ್ಲೇಯರ್ ಒಳ್ಳೆಯದು? ನಾನು ಮೊಬೈಲಿನಲ್ಲಿ ವಿಎಲ್‌ಸಿ ಇಟ್ಟುಕೊಂಡಿದ್ದೇನೆ. ಪ್ಯಾರಿಸಿನ ವಿದ್ಯಾರ್ಥಿಗಳು ಕಾಲೇಜಿನ ಕೆಲಸಕ್ಕೆಂದು ಶುರು ಮಾಡಿದ್ದು ಅದು. ಮುಕ್ತ ತಂತ್ರಾಂಶ, ಜಾಹೀರಾತು ಇಲ್ಲ, ಏನು ಕೊಟ್ಟರೂ ನುಡಿಸ್ತದೆ. ಫೋಲ್ಡರ್ ಫೋಲ್ಡರ್ ಆಗಿ ತೋರಿಸ್ತದೆ, ನಮಗೆ ಅದು ಬೇಕು. ಹಾಡುಗಳನ್ನು ಒಪ್ಪವಾಗಿ ಜೋಡಿಸುವುದರಲ್ಲಿ ಮಾತ್ರ ಅದು ಅಷ್ಟಕ್ಕಷ್ಟೇ. ಕಂಪ್ಯೂಟರಿನಲ್ಲಿ ಫೂಬಾರ್2000. 2002ರಿಂದ ಉಂಟು, ನೋಡಲಿಕ್ಕೆ ಒಣಕಲು, ಮೊದಲ ದಿನ ಯಾರಿಗೂ ಹಿಡಿಸುವುದಿಲ್ಲ. ಆದರೆ ಕನ್ನಡ ಟ್ಯಾಗನ್ನು ಹಾಳು ಮಾಡದೆ ನೂರಾರು ಫೈಲುಗಳಿಗೆ ಒಟ್ಟಿಗೆ ಬರೀತದೆ. ಒಂದು ಕ್ಯಾಸೆಟ್ಟು ಪಿಸುಗುಟ್ಟಿ ಇನ್ನೊಂದು ಕಿರುಚುತ್ತಿದ್ದರೆ, ಮೂಲ ಧ್ವನಿಯನ್ನು ಮುಟ್ಟದೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ರೀಪ್ಲೇಗೇನ್ ಸೌಲಭ್ಯವೂ ಅದರಲ್ಲಿ ಉಂಟು. ಮುಕ್ತ ತಂತ್ರಾಂಶ ಅಲ್ಲ ಅನ್ನುವ ಕೊರತೆ ನನಗೆ ಉಂಟು; ಲಿನಕ್ಸ್ ಬಳಸುವವರು ರಿದಮ್‌ಬಾಕ್ಸ್ ನೋಡಬಹುದು.

ಅಕಾರಾದಿ ಜೋಡಣೆ ನೋಡಿದರೂ ತಮಾಷೆ. ಯುನಿಕೋಡ್ ಪಟ್ಟಿಯಲ್ಲಿ ‘ಳ’ ಬಂದದ್ದು ‘ಲ’ದ ಬೆನ್ನಿಗೆ, ‘ವ’ಕ್ಕಿಂತ ಮೊದಲು. ಪ್ಲೇಯರ್ ಆ ಸಂಖ್ಯೆಯನ್ನೇ ನೋಡಿ ಜೋಡಿಸಿದರೆ ‘ಕಾಳಿ’ ಮೊದಲು, ‘ಕಾವೇರಿ’ ಆಮೇಲೆ. ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸ್ಟ್ರೀಮಿಂಗ್ ಇರುವಾಗ ಇದೆಲ್ಲ ಯಾಕೆ ಅಂತ ಆ ಕಡೆ ಒಬ್ಬರು ನಗುತ್ತಿದ್ದಾರೆ. ಹೊಸ ಹಾಡಿಗೆ ಅದೇ ಸಲೀಸು, ನಾನೂ ಕೇಳ್ತೇನೆ. ಆದರೆ ನಿಮ್ಮ ಅಜ್ಜಿಯ ಸೋಬಾನೆ ಪದ ಅಲ್ಲಿ ಹುಡುಕಿದರೆ ಸಿಗ್ತದಾ? ಗೂಗಲ್ ಪ್ಲೇ ಮ್ಯೂಸಿಕ್‌ನಲ್ಲಿ ನಮ್ಮದೇ 50,000 ಹಾಡುಗಳನ್ನು ಉಚಿತವಾಗಿ ಏರಿಸಿಡಬಹುದಿತ್ತು. 2020ರ ಕೊನೆಗೆ ಅದನ್ನು ಮುಚ್ಚಿದರು. ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಿಕೊಳ್ಳಲಿಕ್ಕೆ 2021ರ ಫೆಬ್ರವರಿ 24ರವರೆಗೆ ಗಡುವು, ಆಮೇಲೆ ಅಳಿಸಿ ಹಾಕಿದರು. ಕಂಪ್ಯೂಟರಿನ ಪ್ಲೇಯರ್ ಕೂಡ ನಿಂತು ಹೋಗ್ತದೆ. 1997ರ ವಿನಾಂಪ್ ಬಳಸದವರಿರಲಿಲ್ಲ, 2013ರಲ್ಲಿ ಒಡೆಯರು ಅದನ್ನು ನಿಲ್ಲಿಸುವುದಾಗಿ ಹೇಳಿದರು, ಮರುವರ್ಷ ಬೇರೆಯವರಿಗೆ ಮಾರಿದರು. ಅಂಥ ಹೊತ್ತಿನಲ್ಲಿ ಕೈಯಲ್ಲಿ ಉಳಿಯುವುದು ಫೈಲು, ಅದರೊಳಗಿನ ಚೀಟಿ. ರೇಟಿಂಗು, ಪ್ಲೇಲಿಸ್ಟುಗಳನ್ನು ಹಲವು ಪ್ಲೇಯರ್‌ಗಳು ತಮ್ಮದೇ ಕಡತದಲ್ಲಿ ಬಚ್ಚಿಡ್ತವೆ. ಪ್ಲೇಲಿಸ್ಟನ್ನು ಎಂ3ಯು8 ಅಂತ ಹೊರಗೆ ಸೇವ್ ಮಾಡಿ. ಅದು ಬರೀ ಪಠ್ಯ, ಕನ್ನಡ ಹೆಸರೂ ಉಳೀತದೆ.

ಅಪ್ಪನ ಫೈಲುಗಳಲ್ಲಿ ಹೆಚ್ಚಿನವಕ್ಕೆ ಈಗ ಮತ್ತೆ ಹೆಸರು ಬಂದಿದೆ. ಊರಿನ ಹಿರಿಯರ ಮನೆ ಮನೆಗೆ ಹೋಗಿ, ಕಿವಿಗೆ ಇಯರ್‌ಫೋನ್ ಕೊಟ್ಟು ಕೇಳಿದೆ. ದನಿ ಕೇಳಿದ ಕೂಡಲೇ ಗುರುತು ಹಿಡಿದವರಿದ್ದಾರೆ, ಕಣ್ಣೀರು ಹಾಕಿದವರೂ ಇದ್ದಾರೆ. ಹನ್ನೊಂದು ಫೈಲುಗಳ ಭಾಗವತರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಊಟದ ಮೇಲೆ ಆ ಮೂಲೆಯ ಮೇಜಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿರ್ತೇನೆ. ಪೆನ್‌ಡ್ರೈವ್ ತಂದವರು ಬನ್ನಿ, ಒಟ್ಟಿಗೆ ಟ್ಯಾಗ್ ನೋಡುವ. ಇನ್ನೊಂದು ಪ್ರತಿ ಮನೆಯಲ್ಲಿ ಉಂಟಲ್ಲವಾ ಅಂತ ಮೊದಲೇ ಕೇಳ್ತೇನೆ. ಇಲ್ಲ ಅಂದರೆ ಮುಟ್ಟುವುದಿಲ್ಲ.