ಡಿಂಗೋ ಮತ್ತು ಕಾಂಗರೂ

ಬಲಿಷ್ಠವಾದ ಮೃಗವು ದುರ್ಬಲವಾದುದನ್ನು ಕೊಂದು ತಿನ್ನುವುದು ಪ್ರಕೃತಿಯ ಕ್ರೌರ್ಯವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆಸ್ಟ್ರೇಲಿಯಾ ಖಂಡದ ಡಿಂಗೋ ಎಂಬ ಕಾಡುನಾಯಿಯನ್ನೂ ಅದು ಬೇಟೆಯಾಡುವ ಕಾಂಗರೂವನ್ನೂ ಗಮನಿಸಿದರೆ ಈ ಭಾವನೆಯನ್ನು ನಾವು ತಿದ್ದಿಕೊಳ್ಳಬೇಕಾಗುತ್ತದೆ.

ಡಿಂಗೋವಿನ ತೂಕ ಸುಮಾರು 15 ಕಿಲೋಗ್ರಾಂ. ಬಲಿತ ಗಂಡು ಕೆಂಪು ಕಾಂಗರೂ 80 ಕಿಲೋಗ್ರಾಂ ತೂಗುವುದೂ ಉಂಟು. ಆದಕಾರಣ ನಾಯಿಗಳು ಗುಂಪುಗೂಡಿ ಅಟ್ಟುತ್ತವೆ. ಎಳೆಯ ಪ್ರಾಣಿಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಕಾಂಗರೂವಾದರೂ ನಿರುಪಾಯವಾದ ಜೀವಿಯಲ್ಲ. ನೀರು ಸಮೀಪದಲ್ಲಿದ್ದರೆ ಎದೆಮಟ್ಟದವರೆಗೆ ಇಳಿದು ತಿರುಗಿ ನಿಲ್ಲುತ್ತದೆ. ಈಜಿಬಂದ ನಾಯಿಯನ್ನು ಮುಂಗಾಲುಗಳಿಂದ ಅದುಮಿ ಮುಳುಗಿಸಿಬಿಡುತ್ತದೆ. ನೆಲದ ಮೇಲೆ ಹಿಂಗಾಲುಗಳ ಒದೆತವೇ ಅದರ ಆಯುಧ.

ಈ ಹೋರಾಟದ ನಡುವೆ ಮನುಷ್ಯನು ಪ್ರವೇಶಿಸಿದನು. ಕುರಿಗಳ ರಕ್ಷಣೆಗಾಗಿ ಖಂಡದ ಆಗ್ನೇಯ ಭಾಗವನ್ನು ಪ್ರತ್ಯೇಕಿಸುವಂತೆ ಸುಮಾರು 5,600 ಕಿಲೋಮೀಟರು ಉದ್ದದ ತಂತಿಬೇಲಿಯನ್ನು ಹಾಕಿ, ಒಳಗಿದ್ದ ಡಿಂಗೋಗಳನ್ನು ಬಹುಮಟ್ಟಿಗೆ ನಿರ್ಮೂಲಮಾಡಿದನು. ಕುರಿಗಳು ಉಳಿದವು. ಆದರೆ ವಿಮಾನದಿಂದ ಎಣಿಸಿ 1980ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಬೇಲಿಯ ಒಳಗಡೆ ಕೆಂಪು ಕಾಂಗರೂಗಳು ಹೊರಗಡೆಗಿಂತ ಅನೇಕಪಾಲು ಹೆಚ್ಚಾಗಿರುವುದು ಕಂಡುಬಂದಿತು. ಮೇಯುವ ಬಾಯಿಗಳು ಹೆಚ್ಚಿದಂತೆ ಹುಲ್ಲು ಸವೆಯುತ್ತದೆ. ಅನಾವೃಷ್ಟಿಯ ವರ್ಷಗಳಲ್ಲಿ ಕಾಂಗರೂಗಳೇ ಹಸಿವಿನಿಂದ ಗುಂಪುಗುಂಪಾಗಿ ಸಾಯುತ್ತವೆ.

ನೀರು, ಮೇವುಗಳ ವ್ಯತ್ಯಾಸವೂ ಇದಕ್ಕೆ ಕಾರಣವೆನ್ನುವ ವಿದ್ವಾಂಸರಿದ್ದಾರೆ. ಕುರಿ ಸಾಕುವವನ ನಷ್ಟವೂ ಸಾಮಾನ್ಯವಾದುದಲ್ಲ. ಆದರೂ ನಾವು ಒಂದು ಮಾತನ್ನು ಮನಗಾಣಬಹುದು: ಕಾಂಗರೂವಿನ ಪಾಲಿಗೆ ಮೃತ್ಯುವಾದ ಡಿಂಗೋ, ಅದು ಮೇಯುವ ಹುಲ್ಲಿನ ಪಾಲಿಗೆ ಕಾವಲುಗಾರನಾಗಿದೆ. ಕಾವಲನ್ನು ತೆಗೆಯುವ ಮುನ್ನ ಹುಲ್ಲಿನ ಗತಿಯನ್ನೂ ವಿಚಾರಿಸುವುದು ವಿವೇಕ.